ಅದೇ ಅಭ್ಯರ್ಥಿ, ಅದೇ ಕ್ಷೇತ್ರ, ಆರು ತಿಂಗಳು

2018ರ ನವೆಂಬರ್ 3ರಂದು ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ ಅವರಿಗೆ 6,28,365 ಮತ ಬಿದ್ದವು, ಬಿಜೆಪಿಯ ಜೆ. ಶಾಂತಾ ಅವರಿಗೆ 3,85,204. ಅಂತರ 2,43,161. ಉಗ್ರಪ್ಪ ಹೊರಗಿನವರು, ಪಾವಗಡ ಕಡೆಯ ವಕೀಲರು. ಶಾಂತಾ ಬಳ್ಳಾರಿಯವರೇ. 2009ರಲ್ಲಿ ಇಲ್ಲಿಂದಲೇ ಲೋಕಸಭೆಗೆ ಹೋಗಿದ್ದವರು, ಬಿ. ಶ್ರೀರಾಮುಲು ಅವರ ಸಹೋದರಿ. ಮನೆಯ ಮಗಳನ್ನು ಬಿಟ್ಟು ಹೊರಗಿನವರನ್ನು ಜನ ಇಷ್ಟು ದೊಡ್ಡ ಅಂತರದಲ್ಲಿ ಗೆಲ್ಲಿಸಿದ್ದರೆ, ಆ ಅಭ್ಯರ್ಥಿಯಲ್ಲಿ ನಾಯಕನನ್ನು ಕಂಡಿರಬೇಕು ಎಂದು ನಮಗೆ ಅನ್ನಿಸುತ್ತದೆ.

2019ರ ಏಪ್ರಿಲ್ 23ರಂದು ಅದೇ ಕ್ಷೇತ್ರದ ಜನ ಮತ್ತೆ ಮತಗಟ್ಟೆಗೆ ಹೋದರು. ಅದೇ ಉಗ್ರಪ್ಪ, ಹಿಂದೆ ಅದೇ ಕಾಂಗ್ರೆಸ್–ಜೆಡಿಎಸ್ ಮೈತ್ರಿ. ಈ ಸಲ ಬಿಜೆಪಿಯ ವೈ. ದೇವೇಂದ್ರಪ್ಪ 55,707 ಮತಗಳಿಂದ ಗೆದ್ದರು. ನಡುವೆ ಇದ್ದದ್ದು ಆರು ತಿಂಗಳಿಗೂ ಕಡಿಮೆ ಅವಧಿ. ಅಷ್ಟರಲ್ಲಿ ಒಬ್ಬ ಮನುಷ್ಯನ ಮುಖ ಬದಲಾಗುವುದಿಲ್ಲ, ದನಿ ಬದಲಾಗುವುದಿಲ್ಲ, ಅನುಭವ ಕರಗುವುದಿಲ್ಲ. ಹಾಗಾದರೆ ಬದಲಾದದ್ದು ಏನು?

ರಾಜಕೀಯ ಮನೋವಿಜ್ಞಾನ ಕಳೆದ ಅರ್ಧ ಶತಮಾನದಲ್ಲಿ ಕಲಿತ ಬಹುಪಾಲು ಪಾಠ ಈ ಪ್ರಶ್ನೆಯ ಸುತ್ತ ಸುತ್ತುತ್ತದೆ. ಅದರ ಅತಿ ಪ್ರಸಿದ್ಧ ಪ್ರಯೋಗ ಮುಖದಿಂದಲೇ ಶುರುವಾಗುತ್ತದೆ.

2005ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು ಅಮೆರಿಕದ ಸಂಸತ್ ಚುನಾವಣೆಗಳಲ್ಲಿ ಎದುರಾಳಿಗಳಾಗಿದ್ದ ಜೋಡಿಗಳ ಫೋಟೊಗಳನ್ನು ಜನರ ಮುಂದಿಟ್ಟರು. ಪಕ್ಷ ಹೇಳಲಿಲ್ಲ, ಹೆಸರು ಹೇಳಲಿಲ್ಲ. ಯಾರಾದರೂ ಮುಖ ಗುರುತಿಸಿದರೆ ಆ ಉತ್ತರವನ್ನು ಕೈಬಿಟ್ಟರು. ಕೇಳಿದ್ದು ಒಂದೇ ಪ್ರಶ್ನೆ: ಇಬ್ಬರಲ್ಲಿ ಸಮರ್ಥರಾಗಿ ಕಾಣುವವರು ಯಾರು? ಒಂದೇ ಒಂದು ಸೆಕೆಂಡು ಮುಖ ನೋಡಿ ಕೊಟ್ಟ ಉತ್ತರ ಹತ್ತರಲ್ಲಿ ಸುಮಾರು ಏಳು ಸಲ ನಿಜವಾಗಿ ಗೆದ್ದವರ ಕಡೆಗೇ ಬೊಟ್ಟು ಮಾಡಿತು. ಎರಡು ವರ್ಷದ ನಂತರದ ಇನ್ನೊಂದು ಪ್ರಯೋಗದಲ್ಲಿ ಕೊಟ್ಟ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗ, ರೆಪ್ಪೆ ಮಿಟುಕಿಸುವಷ್ಟೂ ಅಲ್ಲ. ಅಷ್ಟೇ ಸಾಕಾಯಿತು.

ಸ್ವಿಟ್ಜರ್ಲೆಂಡಿನ ಜಾನ್ ಆಂಟೊನಾಕಿಸ್ ಮತ್ತು ಓಲಾಫ್ ಡಾಲ್ಗಾಸ್ 2009ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಐದರಿಂದ ಹದಿಮೂರು ವರ್ಷದ ಮಕ್ಕಳಿಗೆ ಹಡಗಿನ ಪ್ರಯಾಣದ ಆಟ ಆಡಿಸಿ, ಎರಡು ಮುಖ ತೋರಿಸಿ, ನಿಮ್ಮ ಹಡಗಿಗೆ ಯಾರು ಕ್ಯಾಪ್ಟನ್ ಆಗಬೇಕು ಎಂದು ಕೇಳಿದರು. ಆ ಮುಖಗಳು ಫ್ರಾನ್ಸಿನ ಸಂಸತ್ ಚುನಾವಣೆಯ ಅಭ್ಯರ್ಥಿಗಳವು. ಮಕ್ಕಳು ಆರಿಸಿದ ಕ್ಯಾಪ್ಟನ್ನನ್ನೇ ಫ್ರಾನ್ಸಿನ ಮತದಾರರೂ ಹೆಚ್ಚಿನ ಕಡೆ ಗೆಲ್ಲಿಸಿದ್ದರು. ಇನ್ನೊಂದು ಅಧ್ಯಯನದಲ್ಲಿ ಮೆಕ್ಸಿಕೊ ಮತ್ತು ಬ್ರೆಜಿಲ್‌ನ ಅಭ್ಯರ್ಥಿಗಳ ಮುಖಗಳನ್ನು ಅಮೆರಿಕದವರಿಗೂ ಭಾರತದವರಿಗೂ ತೋರಿಸಲಾಯಿತು. ಎರಡು ದೇಶದವರ ಆಯ್ಕೆಯೂ ಬಹುಮಟ್ಟಿಗೆ ಒಂದೇ ಆಗಿತ್ತು. ಸಮರ್ಥನ ಮುಖ ಹೇಗಿರುತ್ತದೆ ಎಂಬ ಕಲ್ಪನೆಗೆ ದೇಶ–ಭಾಷೆಯ ಗಡಿ ಅಷ್ಟಾಗಿ ಇಲ್ಲ ಎಂದಾಯಿತು.

ಇಲ್ಲಿಗೆ ನಿಲ್ಲಿಸಿದರೆ ಮತದಾರ ಮೋಸ ಹೋಗುವ ಪ್ರಾಣಿ ಎಂಬ ಚಿತ್ರ ಮೂಡುತ್ತದೆ. ಅದು ಅನ್ಯಾಯ. ಕುರುಗೋಡು, ಸಿರುಗುಪ್ಪ ಕಡೆಯ ರೈತರು ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೋದಾಗ ಖರೀದಿದಾರ ಮೊದಲು ನೋಡುವುದು ಬಣ್ಣ ಮತ್ತು ಸುಕ್ಕು. ಖಾರವನ್ನು ಅಲ್ಲಿ ನಿಂತು ಸವಿಯಲಾಗದು, ಹಾಗಾಗಿ ಕಣ್ಣಿಗೆ ಕಾಣುವುದರಿಂದ ಕಾಣದ್ದನ್ನು ಅಳೆಯುತ್ತಾನೆ. ಮತದಾರ ಮಾಡುವುದೂ ಅದನ್ನೇ. ವ್ಯತ್ಯಾಸವೆಂದರೆ ಮೆಣಸಿನಕಾಯಿಯ ಬಣ್ಣಕ್ಕೂ ಗುಣಕ್ಕೂ ನಿಜವಾದ ನಂಟಿದೆ. ಮುಖದ ಕಳೆಗೂ ಆಡಳಿತದ ಸಾಮರ್ಥ್ಯಕ್ಕೂ ಅಂಥ ನಂಟಿದೆ ಎನ್ನಲು ಆಧಾರವಿಲ್ಲ. ಟೊಡೊರೊವ್ ತಾವೇ ಮುಂದೆ ಬರೆದ ಪುಸ್ತಕದಲ್ಲಿ ಇದನ್ನು ಒತ್ತಿ ಹೇಳಿದ್ದಾರೆ.

ಮುಖದ ಪ್ರಭಾವ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ ಎಂಬುದು ಅದಕ್ಕಿಂತ ಮುಖ್ಯ. ಗೇಬ್ರಿಯಲ್ ಲೆನ್ಜ್ ಮತ್ತು ಚಾಪೆಲ್ ಲಾಸನ್ 2011ರಲ್ಲಿ ತೋರಿಸಿದಂತೆ, ರಾಜಕೀಯದ ಬಗ್ಗೆ ಕಡಿಮೆ ತಿಳಿದಿದ್ದು ಟಿವಿ ಹೆಚ್ಚು ನೋಡುವವರನ್ನೇ ಮುಖ ಹೆಚ್ಚು ಸೆಳೆಯುತ್ತದೆ. ಗೊತ್ತಿಲ್ಲದ ಜಾಗವನ್ನು ಮುಖ ತುಂಬುತ್ತದೆ, ಗೊತ್ತಿದ್ದ ಕಡೆ ಅದಕ್ಕೆ ಜಾಗ ಕಡಿಮೆ. ಪಕ್ಷಗಳೂ ಇದಕ್ಕೆ ತಮ್ಮ ಕೈ ಸೇರಿಸುತ್ತವೆ. ಗೆಲ್ಲುವ ಅವಕಾಶವಿರುವ ಕ್ಷೇತ್ರಕ್ಕೆ ನೋಡಲು ತೂಕದ ಅಭ್ಯರ್ಥಿಯನ್ನು ಹುಡುಕಿ ನಿಲ್ಲಿಸಿದಾಗ, ಗೆದ್ದದ್ದು ಮುಖವೋ ಕ್ಷೇತ್ರವೋ ಎಂದು ಬಿಡಿಸುವುದು ಸಂಶೋಧಕರಿಗೂ ಕಷ್ಟ.

ನಮ್ಮಲ್ಲಿ 2015ರ ಮೇ 1ರ ನಂತರದ ಚುನಾವಣೆಗಳಲ್ಲಿ ಮತಯಂತ್ರದ ಮೇಲೆ ಹೆಸರು, ಚಿಹ್ನೆಗಳ ಜತೆ ಅಭ್ಯರ್ಥಿಯ ಫೋಟೊವೂ ಇರುತ್ತದೆ. ಒಂದೇ ಹೆಸರಿನ ಡಮ್ಮಿ ಅಭ್ಯರ್ಥಿಗಳನ್ನು ನಿಲ್ಲಿಸಿ ಮತ ಒಡೆಯುವ ಚಾಳಿಗೆ ಚುನಾವಣಾ ಆಯೋಗ ಕಂಡುಕೊಂಡ ಪರಿಹಾರ ಅದು. 2025ರ ಬಿಹಾರ ಚುನಾವಣೆಯಿಂದ ಆ ಫೋಟೊ ಬಣ್ಣದ್ದಾಗಿದೆ. ಗೊಂದಲ ತಪ್ಪಿಸಲು ತಂದ ಈ ಒಳ್ಳೆಯ ಕ್ರಮ, ಗುಂಡಿ ಒತ್ತುವ ಕೊನೆಯ ಕ್ಷಣದಲ್ಲಿ ಮುಖವೊಂದನ್ನು ಕಣ್ಣೆದುರು ತಂದು ನಿಲ್ಲಿಸುತ್ತದೆ ಎಂಬುದೂ ನಿಜ.

ಈಗ ಸಿರುಗುಪ್ಪಕ್ಕೆ ಬರೋಣ. ಇದು ತುಂಗಭದ್ರೆಯ ದಂಡೆಯ ಭತ್ತದ ನಾಡು, ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. 2008ರಲ್ಲಿ ಬಿಜೆಪಿಯ ಎಂ.ಎಸ್. ಸೋಮಲಿಂಗಪ್ಪ ಗೆದ್ದರು, 2013ರಲ್ಲಿ ಕಾಂಗ್ರೆಸ್ಸಿನ ಬಿ.ಎಂ. ನಾಗರಾಜ, 2018ರಲ್ಲಿ ಮತ್ತೆ ಸೋಮಲಿಂಗಪ್ಪ, 2023ರಲ್ಲಿ ಮತ್ತೆ ನಾಗರಾಜ. ನಾಲ್ಕು ಚುನಾವಣೆ, ಗೆದ್ದದ್ದು ಎರಡೇ ಮುಖ. ಮುಖವೇ ತೀರ್ಮಾನಿಸುವುದಾದರೆ ಒಮ್ಮೆ ಗೆದ್ದ ಮುಖ ಮತ್ತೆ ನಿಂತಾಗಲೂ ಗೆಲ್ಲಬೇಕಿತ್ತು. ಜಾತಿಯೊಂದೇ ಕಾರಣ ಎನ್ನುವ ಸುಲಭ ಉತ್ತರವೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಮೀಸಲು ಕ್ಷೇತ್ರದಲ್ಲಿ ಸ್ಪರ್ಧಿಗಳೆಲ್ಲ ಒಂದೇ ವರ್ಗದವರು. ಈಗಿನ ಬಳ್ಳಾರಿ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ನಾಲ್ಕು ಹೀಗೆ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಭ್ಯರ್ಥಿಗಳ ನಡುವೆ ಜಾತಿಯ ಗೆರೆ ಮಾಸಿದ ಕಡೆ ಜನ ಬೇರೆ ಅಳತೆಗೋಲು ಹಿಡಿಯಲೇಬೇಕಾಗುತ್ತದೆ.

ಆ ಅಳತೆಗೋಲು ಯಾವುದೆಂದು ತಿಳಿಯಲು ಚುನಾವಣೆ ಹತ್ತಿರ ಬಂದಾಗ ಇಲ್ಲಿನ ಹೋಟೆಲು, ಕಟ್ಟೆಗಳಲ್ಲಿ ಕೂತು ಕೇಳಿಸಿಕೊಳ್ಳಬೇಕು. ಮಂಡಕ್ಕಿ–ಮಿರ್ಚಿ ಮುಂದಿಟ್ಟುಕೊಂಡ ಜನ ದೂರದೃಷ್ಟಿ, ಸಂವಹನ ಕಲೆ ಮುಂತಾದ ಪುಸ್ತಕದ ಮಾತು ಆಡುವುದಿಲ್ಲ. ‘ಕೈಗೆ ಸಿಗ್ತಾನೇನು?’ ಎನ್ನುತ್ತಾರೆ. ‘ರಾತ್ರಿ ಫೋನ್ ಮಾಡಿದ್ರ ಎತ್ತತಾನೇನು?’ ‘ಕೆನಾಲಿಗೆ ನೀರು ಬಿಡಸ್ತಾನೇನು?’ ಈ ಕೊನೆಯ ಪ್ರಶ್ನೆ ಕಾಲುವೆಯ ಕೊನೆ ಭಾಗದ ರೈತನದು, ಮತ್ತು ಅದರಲ್ಲಿ ಬಹಳ ಅರ್ಥವಿದೆ. ತುಂಗಭದ್ರಾ ಜಲಾಶಯದ ಬಲದಂಡೆ ಕೆಳಮಟ್ಟದ ಕಾಲುವೆ, ಅಂದರೆ ಎಲ್‌ಎಲ್‌ಸಿ, ಬಳ್ಳಾರಿ ಜಿಲ್ಲೆ ದಾಟಿ ಆಂಧ್ರಕ್ಕೆ ಹೋಗುತ್ತದೆ. ಯಾವಾಗ ಎಷ್ಟು ನೀರು ಎಂಬ ತೀರ್ಮಾನದಲ್ಲಿ ತುಂಗಭದ್ರಾ ಮಂಡಳಿ ಇದೆ, ನೀರಾವರಿ ಸಲಹಾ ಸಮಿತಿ ಇದೆ, ಪಕ್ಕದ ರಾಜ್ಯವಿದೆ. ಒಬ್ಬ ಶಾಸಕ ಗೇಟು ತಿರುವಿ ನೀರು ಬಿಡಲಾರ. ರೈತನಿಗೆ ಇದು ಚೆನ್ನಾಗಿ ಗೊತ್ತು. ಅವನು ಕೇಳುತ್ತಿರುವುದು, ಮೇಲಿನವರು ನೀರು ಎಳೆದುಕೊಂಡು ನನ್ನ ಭತ್ತ ಒಣಗುವಾಗ ನನ್ನ ಪರವಾಗಿ ಎಂಜಿನಿಯರ್ ಎದುರು ನಿಲ್ಲುವವನು ಯಾರು ಎಂದು.

ಮನೋವಿಜ್ಞಾನಿ ಸೂಸನ್ ಫಿಸ್ಕ್ ಮತ್ತು ಸಂಗಡಿಗರು 2002ರಲ್ಲಿ ಮಂಡಿಸಿದ ಸಿದ್ಧಾಂತ ಈ ಕಟ್ಟೆಯ ಪ್ರಶ್ನೆಗೆ ತೀರ ಹತ್ತಿರದ್ದು. ಅಪರಿಚಿತರನ್ನು ಕಂಡಾಗ ಮನಸ್ಸು ಎರಡನ್ನು ಅಳೆಯುತ್ತದಂತೆ: ಇವನ ಉದ್ದೇಶ ನನಗೆ ಒಳ್ಳೆಯದೇ, ಆ ಉದ್ದೇಶ ಈಡೇರಿಸುವ ಶಕ್ತಿ ಇವನಿಗಿದೆಯೇ? ಒಂದು ಆಪ್ತತೆ, ಇನ್ನೊಂದು ಸಾಮರ್ಥ್ಯ. ಅಮೆರಿಕದ ಮುಖ ಪ್ರಯೋಗಗಳು ಸಾಮರ್ಥ್ಯವನ್ನೇ ಮುಂದು ಮಾಡಿದವು. ‘ನೀರು ಬಿಡಸ್ತಾನೇನು’ ಎಂಬ ಎರಡು ಪದದಲ್ಲಿ ಎರಡೂ ಸೇರಿವೆ, ಮತ್ತು ನನ್ನ ಅಭಿಪ್ರಾಯದಲ್ಲಿ ನಮ್ಮ ಹಳ್ಳಿಗಳಲ್ಲಿ ಆಪ್ತತೆಯ ತೂಕವೇ ಒಂದು ಗುಂಜಿ ಹೆಚ್ಚು. ಸರ್ಕಾರಿ ಕಚೇರಿಯ ಬಾಗಿಲು ತಾನಾಗಿ ತೆರೆಯದ ಕಡೆ, ಬಾಗಿಲು ತಟ್ಟಲು ಜತೆಗೆ ಬರುವವನೇ ನಾಯಕ.

ಯಾರು ಜತೆಗೆ ಬಂದರು ಎಂಬ ಅನುಭವದ ಈ ತೀರ್ಪು ಯಾವಾಗಲೂ ನ್ಯಾಯದ್ದೇ ಆಗಿರುತ್ತದೆ ಎನ್ನಲಾಗದು. ಶಾನ್ ಕೋಲ್, ಆಂಡ್ರ್ಯೂ ಹೀಲಿ, ಎರಿಕ್ ವರ್ಕರ್ ಎಂಬ ಸಂಶೋಧಕರು ಭಾರತದ ಮಳೆಯ ಅಂಕಿಅಂಶಗಳನ್ನೂ ಚುನಾವಣಾ ಫಲಿತಾಂಶಗಳನ್ನೂ ಎದುರುಬದುರು ಇಟ್ಟು ನೋಡಿದರು. ಮಳೆ ಕೈಕೊಟ್ಟರೆ ಅಥವಾ ಮಿತಿಮೀರಿದರೆ ಆಡಳಿತ ಪಕ್ಷ ಮತ ಕಳೆದುಕೊಳ್ಳುತ್ತದೆ. ಮಳೆಗೆ ಯಾವ ಸರ್ಕಾರವೂ ಹೊಣೆಯಲ್ಲ. ಆದರೆ ಅವರೇ ಕಂಡ ಇನ್ನೊಂದು ಸಂಗತಿ: ಪರಿಹಾರವನ್ನು ಚುರುಕಾಗಿ ಹಂಚಿದ ಸರ್ಕಾರಕ್ಕೆ ಆಗುವ ನಷ್ಟ ಕಡಿಮೆ. ಜನ ಮೋಡದ ತಪ್ಪಿಗೆ ಸರ್ಕಾರವನ್ನು ದೂರಿದರೂ, ಮೋಡ ಕೈಕೊಟ್ಟಾಗ ಯಾರು ಓಡಿ ಬಂದರು ಎಂಬುದನ್ನು ನೆನಪಿಟ್ಟಿರುತ್ತಾರೆ.

ತಮಗೆ ಅನುಭವವೇ ಇಲ್ಲದ ಅಭ್ಯರ್ಥಿಯನ್ನು ಜನ ಅಳೆಯುವುದು ಹೇಗೆ? ಬಳ್ಳಾರಿಗೆ ಈ ಪರೀಕ್ಷೆ 1999ರಲ್ಲಿ ಬಂತು. ಸೋನಿಯಾ ಗಾಂಧಿ ತಮ್ಮ ಮೊದಲ ಚುನಾವಣೆಗೆ ಅಮೇಠಿಯ ಜತೆ ಬಳ್ಳಾರಿಯನ್ನೂ ಆರಿಸಿಕೊಂಡರು. ಎದುರಿಗೆ ಬಿಜೆಪಿ ಸುಷ್ಮಾ ಸ್ವರಾಜ್ ಅವರನ್ನು ತಂದು ನಿಲ್ಲಿಸಿತು. ಇಬ್ಬರಿಗೂ ಈ ಊರಿನ ನಂಟಿರಲಿಲ್ಲ. ಮತದಾರರು ಅವರಲ್ಲಿ ಯಾರ ಮನೆಗೂ ಹೋಗಿ ಕೆಲಸ ಮಾಡಿಸಿಕೊಂಡವರಲ್ಲ. ಕೈಯಲ್ಲಿದ್ದದ್ದು ಕುರುಹುಗಳು ಮಾತ್ರ.

ಸೋನಿಯಾ ಅವರ ಪಾಲಿಗೆ ಎರಡು ದೊಡ್ಡ ಕುರುಹುಗಳಿದ್ದವು. 1952ರಿಂದ ಇಲ್ಲಿ ಸೋಲದ ಪಕ್ಷದ ಕೈ ಗುರುತು ಒಂದು, ಇಂದಿರಮ್ಮನ ಸೊಸೆ ಎಂಬ ನಂಟು ಇನ್ನೊಂದು. ಗೊತ್ತಿರುವ ಒಬ್ಬರ ಬಗೆಗಿನ ಭಾವವನ್ನು ಅವರ ಮನೆಯವರಿಗೆ ದಾಟಿಸುವುದು ಮನಸ್ಸಿಗೆ ಬಹಳ ಸಲೀಸು. ಸುಷ್ಮಾ ಅವರಿಗೆ ಎರಡೂ ಇರಲಿಲ್ಲ. ಅವರು ಕನ್ನಡ ಕಲಿಯಲು ಕೂತರು. ಹರಿಯಾಣದ ಹೆಣ್ಣುಮಗಳು ಕೆಲವೇ ವಾರಗಳ ಪ್ರಚಾರದಲ್ಲಿ ವೇದಿಕೆಯ ಮೇಲೆ ಕನ್ನಡದಲ್ಲೇ ಭಾಷಣ ಮಾಡುವಷ್ಟು ಕಲಿತರು. ಸೋನಿಯಾ ಅವರಿಗೆ 4,14,650 ಮತ, ಸುಷ್ಮಾ ಅವರಿಗೆ 3,58,550. ಸುಷ್ಮಾ 56,100 ಮತಗಳಿಂದ ಸೋತರು. ಕಾಂಗ್ರೆಸ್ಸಿನ ಕೋಟೆಯಲ್ಲಿ, ಅದರ ಅಧ್ಯಕ್ಷೆಯ ಎದುರು, ಹೊರಗಿನಿಂದ ಬಂದ ಒಬ್ಬರು ಅಷ್ಟು ಮತ ಪಡೆದದ್ದು ಸಣ್ಣ ಮಾತಲ್ಲ.

ಆ ಕನ್ನಡ ಯಾಕೆ ಅಷ್ಟು ಕೆಲಸ ಮಾಡಿತು ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಒಳ್ಳೆಯ ವಿವರಣೆಯಿದೆ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಉದ್ಯೋಗ ಮಾರುಕಟ್ಟೆಯ ಬಗ್ಗೆ ಬರೆಯುತ್ತ ಹೇಳಿದ್ದು ಇದು: ಕಾಣದ ಗುಣಕ್ಕೆ ನಂಬಲರ್ಹ ಕುರುಹು ಎಂದರೆ, ಆ ಗುಣ ಇಲ್ಲದವನಿಗೆ ತೋರಿಸಲು ದುಬಾರಿಯಾಗುವ ಕುರುಹು. ಮುಖ ಹುಟ್ಟಿನಿಂದ ಬಂದದ್ದು, ಅದಕ್ಕೆ ಖರ್ಚಿಲ್ಲ. ‘ನಿಮ್ಮ ಸೇವೆಗೆ ಸದಾ ಸಿದ್ಧ’ ಎಂಬ ಮಾತಿಗೂ ಖರ್ಚಿಲ್ಲ, ಅದನ್ನು ಯಾರೂ ಹೇಳಬಹುದು. ಪ್ರಚಾರದ ಗದ್ದಲದ ನಡುವೆ ಒಂದು ಭಾಷೆ ಕಲಿಯಲು ಶ್ರಮ ಬೇಕು, ತಪ್ಪಾಡಿ ನಗೆಪಾಟಲಾಗುವ ಧೈರ್ಯ ಬೇಕು. ಸೋತ ಮೇಲೂ ಸುಷ್ಮಾ ವರಮಹಾಲಕ್ಷ್ಮಿ ಹಬ್ಬಕ್ಕೆ ಬರುತ್ತೇನೆಂದ ಮಾತು ಉಳಿಸಿಕೊಂಡು ಹಲವು ವರ್ಷ ಬಳ್ಳಾರಿಗೆ ಬಂದು ಪೂಜೆಯಲ್ಲಿ ಕೂತರು. ಸೋನಿಯಾ ಅಮೇಠಿ ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. ಇದಕ್ಕೂ 2004ರಲ್ಲಿ ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಇಲ್ಲಿ ಗೆದ್ದದ್ದಕ್ಕೂ ನೇರ ಗಂಟು ಹಾಕುವುದು ತಪ್ಪು, ಆ ಗೆಲುವಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಕೋಟೆಯ ಬಾಗಿಲು ಮೊದಲ ಸಲ ಅಲುಗಿದ್ದು 1999ರಲ್ಲಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ದುಬಾರಿ ಕುರುಹಿನ ಇನ್ನೊಂದು ಉದಾಹರಣೆಗೂ ಬಳ್ಳಾರಿಯೇ ಗುರಿಯಾಗಿತ್ತು. 2010ರ ಜುಲೈ 25ರಂದು ಬೆಂಗಳೂರಿನಿಂದ ಹೊರಟ ಸಿದ್ದರಾಮಯ್ಯ ಮತ್ತು ಇತರ ಕಾಂಗ್ರೆಸ್ ನಾಯಕರು ಅಕ್ರಮ ಗಣಿಗಾರಿಕೆಯ ವಿರುದ್ಧ ಸುಮಾರು 320 ಕಿಲೋಮೀಟರ್ ನಡೆದು ಆಗಸ್ಟ್ 9ರಂದು ಬಳ್ಳಾರಿಯಲ್ಲಿ ಸಮಾವೇಶ ನಡೆಸಿದರು. ಸದನದಲ್ಲಿ ಅದೇ ವಿಷಯದ ಮೇಲೆ ಆಡಿದ ಮಾತುಗಳಿಗಿಂತ ಜನರ ನೆನಪಿನಲ್ಲಿ ಉಳಿದದ್ದು ಆ ನಡಿಗೆ. ಆದರೆ ನಡಿಗೆ ಮುಗಿದ ಮರುವರ್ಷವೇ ಅದೇ ಬಳ್ಳಾರಿಯ ಗ್ರಾಮೀಣ ಕ್ಷೇತ್ರ 2011ರ ನವೆಂಬರ್ ಉಪಚುನಾವಣೆಯಲ್ಲಿ, ಬಿಜೆಪಿ ಬಿಟ್ಟು ಪಕ್ಷೇತರರಾಗಿ ನಿಂತ ಶ್ರೀರಾಮುಲು ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿತು. ರಾಜ್ಯದ ಬೇರೆ ಕಡೆಯ ಓದುಗರಿಗೆ ಇದು ಒಗಟಾಗಿ ಕಂಡಿರಬಹುದು. ಸಾಮೂಹಿಕ ವಿವಾಹ ನಡೆಸಿಕೊಟ್ಟ, ಕಷ್ಟಕ್ಕೆ ಕೈಗೆ ಸಿಕ್ಕ ‘ರಾಮುಲಣ್ಣ’ನನ್ನು ಹತ್ತಿರದಿಂದ ಕಂಡವರ ಲೆಕ್ಕವೇ ಬೇರೆ. ಅದೇ ಗ್ರಾಮೀಣ ಕ್ಷೇತ್ರ 2023ರಲ್ಲಿ ಅವರನ್ನು ಸೋಲಿಸಿ ಬಿ. ನಾಗೇಂದ್ರ ಅವರನ್ನು ಆರಿಸಿತು.

1999ರ ಸ್ಪರ್ಧೆಯಲ್ಲಿ ನಾವು ಸುಲಭವಾಗಿ ಮರೆಯುವ ಸಂಗತಿಯೊಂದಿದೆ. ಇಬ್ಬರೂ ಹೆಣ್ಣುಮಕ್ಕಳು, ಮತ್ತು ಹೆಣ್ಣು ನಾಯಕಿಯಾಗಬಲ್ಲಳೇ ಎಂಬ ಪ್ರಶ್ನೆ ಬಳ್ಳಾರಿಯಲ್ಲಿ ಅದಾಗಲೇ ಹಳತಾಗಿತ್ತು. 1984, 1989, 1991 ಹೀಗೆ ಮೂರು ಸಲ ಇಲ್ಲಿನ ಜನ ಬಸವರಾಜೇಶ್ವರಿ ಅವರನ್ನು ಲೋಕಸಭೆಗೆ ಕಳಿಸಿದ್ದರು. ಅವರು ಕೇಂದ್ರದಲ್ಲಿ ಮಂತ್ರಿಯೂ ಆಗಿದ್ದರು. ಒಮ್ಮೆ ಕಂಡದ್ದು ಮುಂದಿನ ನೋಟವನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಸುಂದರ ಪ್ರಯೋಗವಿದೆ. ಲೋರಿ ಬೀಮನ್, ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ ಮತ್ತು ಸಂಗಡಿಗರು 2009ರಲ್ಲಿ ಅದನ್ನು ಪ್ರಕಟಿಸಿದರು. ಪಂಚಾಯಿತಿ ಮುಖ್ಯಸ್ಥರ ಒಂದೇ ಭಾಷಣವನ್ನು ಕೆಲವರಿಗೆ ಗಂಡಸಿನ ದನಿಯಲ್ಲಿ, ಕೆಲವರಿಗೆ ಹೆಂಗಸಿನ ದನಿಯಲ್ಲಿ ಕೇಳಿಸಿ ಅಂಕ ಕೊಡಿ ಎಂದರು. ಮಾತು ಅಕ್ಷರಶಃ ಒಂದೇ. ಮಹಿಳಾ ಮೀಸಲಾತಿ ಎಂದೂ ಬಾರದ ಹಳ್ಳಿಗಳ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದಾಗಿ ಹೆಣ್ಣು ಮುಖ್ಯಸ್ಥರನ್ನು ಕಂಡಿದ್ದ ಹಳ್ಳಿಗಳಲ್ಲಿ ಆ ತಾರತಮ್ಯ ಮಾಯವಾಗಿತ್ತು. ಯಾವ ಹಳ್ಳಿಗೆ ಮೀಸಲು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರಿಂದ ಈ ವ್ಯತ್ಯಾಸಕ್ಕೆ ಬೇರೆ ಕಾರಣ ಹೇಳುವುದು ಕಷ್ಟ. ಗಂಡು ನಾಯಕನೇ ಬೇಕು ಎಂಬ ಒಲವು ಮಾತ್ರ ಅಷ್ಟು ಬೇಗ ಹೋಗಿರಲಿಲ್ಲ. ಹೆಣ್ಣಿಗೆ ಕೈಲಾಗದು ಎಂಬ ನಂಬಿಕೆ ಸಡಿಲಿತ್ತು.

ಕರ್ನಾಟಕ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟ ರಾಜ್ಯ. ಈಗ ಪಂಚಾಯಿತಿಗಳಲ್ಲಿ ಅರ್ಧ ಪಾಲು ಅವರದು. 2023ರ ಮಾರ್ಚ್‌ನಲ್ಲಿ ಬಳ್ಳಾರಿ ಮಹಾನಗರ ಪಾಲಿಕೆಗೆ ಡಿ. ತ್ರಿವೇಣಿ 23ನೇ ವಯಸ್ಸಿಗೆ ಮೇಯರ್ ಆದಾಗ ಊರು ಅದನ್ನು ಅಚ್ಚರಿಯಿಂದ ನೋಡಿತು, ಆದರೆ ಆ ಅಚ್ಚರಿ ವಯಸ್ಸಿನ ಬಗ್ಗೆ.

ಹೆಸರಿನ ಬಲದ ಬಗ್ಗೆ ಒಂದೆರಡು ಮಾತು ಸಾಕು. ಅಮೆರಿಕದ ಸಿಂಡಿ ಕ್ಯಾಮ್ ಮತ್ತು ಎಲಿಜಬೆತ್ ಜೆಕ್‌ಮೈಸ್ಟರ್ ಶಾಲೆಯೊಂದರ ದಾರಿಯಲ್ಲಿ, ಇಲ್ಲದ ಅಭ್ಯರ್ಥಿಯ ಹೆಸರಿನ ಫಲಕ ನೆಟ್ಟರು. ಆ ದಾರಿಯಲ್ಲಿ ಓಡಾಡಿದ ಪೋಷಕರಲ್ಲಿ ಆ ಹೆಸರಿಗೆ ಒಲವು ಹೆಚ್ಚಿತು. ಬಳ್ಳಾರಿಯ ಗಡಿಗಿ ಚೆನ್ನಪ್ಪ ವೃತ್ತದಂಥ ಕಡೆ ಹುಟ್ಟುಹಬ್ಬ, ಹೊಸವರ್ಷಗಳ ಫ್ಲೆಕ್ಸ್‌ಗೆ ಯಾಕೆ ಅಷ್ಟು ಪೈಪೋಟಿ ಎಂಬುದಕ್ಕೆ ಇದೇ ಉತ್ತರ. ಮನೆತನದ ಹೆಸರು ಇನ್ನೂ ಅಗ್ಗದ ಫ್ಲೆಕ್ಸ್, ಅದನ್ನು ಕಟ್ಟಬೇಕಾಗಿಯೂ ಇಲ್ಲ.

ಇನ್ನು ಉಗ್ರಪ್ಪ ಅವರ ಒಗಟು. ಶಾಂತೊ ಅಯ್ಯಂಗಾರ್ ಮತ್ತು ಡೊನಾಲ್ಡ್ ಕಿಂಡರ್ 1980ರ ದಶಕದಲ್ಲಿ ಮಾಡಿದ ಪ್ರಯೋಗಗಳು ಇದರ ಕೀಲಿ. ಜನರಿಗೆ ಕೆಲವು ದಿನ ಟಿವಿ ವಾರ್ತೆ ತೋರಿಸಿದರು. ವಾರ್ತೆಯನ್ನು ಗುಟ್ಟಾಗಿ ತಿದ್ದಿ ಕೆಲವರಿಗೆ ರಕ್ಷಣೆಯ ಸುದ್ದಿ ಹೆಚ್ಚು, ಇನ್ನು ಕೆಲವರಿಗೆ ಬೇರೆ ಸಮಸ್ಯೆಯ ಸುದ್ದಿ ಹೆಚ್ಚು ಇರುವಂತೆ ಮಾಡಿದ್ದರು. ಆಮೇಲೆ ಅಧ್ಯಕ್ಷರು ಹೇಗೆ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿದಾಗ, ರಕ್ಷಣೆಯ ಸುದ್ದಿ ಹೆಚ್ಚು ನೋಡಿದವರು ಅವರನ್ನು ರಕ್ಷಣೆಯ ಅಳತೆಯಲ್ಲೇ ಹೆಚ್ಚಾಗಿ ತೂಗಿದರು. ಸುದ್ದಿ ಅವರ ಮನಸ್ಸಿಗೆ ಉತ್ತರ ತುಂಬಿರಲಿಲ್ಲ, ಪ್ರಶ್ನೆ ತುಂಬಿತ್ತು. ಮುಖಗಳ ವಿಷಯದಲ್ಲೂ ಹೀಗೇ. ಆಂಥನಿ ಲಿಟ್ಲ್ ಮತ್ತು ಸಂಗಡಿಗರು 2007ರಲ್ಲಿ ಕಂಡಂತೆ, ದೇಶ ಯುದ್ಧದಲ್ಲಿದೆ ಎಂದಾಗ ಜನ ಆರಿಸಿದ ಮುಖವೇ ಬೇರೆ, ಶಾಂತಿಯ ಕಾಲ ಎಂದಾಗ ಆರಿಸಿದ ಮುಖವೇ ಬೇರೆ.

2018ರ ನವೆಂಬರ್‌ನಲ್ಲಿ ಬಳ್ಳಾರಿಯ ಮತದಾರರ ಮುಂದಿದ್ದದ್ದು ಊರಿನ ಪ್ರಶ್ನೆ: ಕೆಲವೇ ತಿಂಗಳ ಮಟ್ಟಿಗೆ ಬಳ್ಳಾರಿಯ ಪರ ಮಾತಾಡುವವರು ಯಾರು, ರಾಜ್ಯ ಸರ್ಕಾರದ ಜತೆ ನಿಲ್ಲುವುದೋ ಬಿಡುವುದೋ. 2019ರ ಫೆಬ್ರುವರಿಯಲ್ಲಿ ಪುಲ್ವಾಮಾದ ಉಗ್ರರ ದಾಳಿ, ಬಾಲಾಕೋಟ್ ವಾಯುದಾಳಿ ನಡೆದವು. ಏಪ್ರಿಲ್ ಹೊತ್ತಿಗೆ ಮತಗಟ್ಟೆಯ ಪ್ರಶ್ನೆ ಪ್ರಧಾನಿ ಯಾರಾಗಬೇಕು ಎಂಬುದಾಗಿತ್ತು. ಜನ ತೂಗಿದ ನಾಯಕನ ಹೆಸರು ಬಳ್ಳಾರಿಯ ಮತಯಂತ್ರದ ಮೇಲೆ ಇರಲೇ ಇಲ್ಲ. ಉಗ್ರಪ್ಪ, ದೇವೇಂದ್ರಪ್ಪ ಇಬ್ಬರೂ ತಮ್ಮದಲ್ಲದ ಪ್ರಶ್ನೆಗೆ ಉತ್ತರವಾಗಿ ನಿಂತಿದ್ದರು. 2024ರಲ್ಲಿ ಪಂಚ ಗ್ಯಾರಂಟಿಗಳ ಕಾಲದಲ್ಲಿ, ಸಂಡೂರಿನ ಶಾಸಕರಾಗಿದ್ದ ಕಾಂಗ್ರೆಸ್ಸಿನ ಇ. ತುಕಾರಾಂ ಅದೇ ಕ್ಷೇತ್ರದಲ್ಲಿ ಶ್ರೀರಾಮುಲು ಅವರನ್ನು 98,992 ಮತಗಳಿಂದ ಸೋಲಿಸಿದರು.

ಈ ವಿವರಣೆಯನ್ನು ಬಳ್ಳಾರಿಯ ಕಾಲೇಜುಗಳಲ್ಲೇ ಪರೀಕ್ಷೆಗೆ ಒಡ್ಡಬಹುದು. ಖರ್ಚು ಹೆಚ್ಚಿಲ್ಲ. 2015ರ ನಂತರದ ಚುನಾವಣೆಗಳಲ್ಲಿ ಮೊದಲ ಎರಡು ಸ್ಥಾನ ಪಡೆದ ಅಭ್ಯರ್ಥಿಗಳ ಒಂದೇ ಅಳತೆಯ ಫೋಟೊಗಳನ್ನು ಜೋಡಿಸಿ, ಅವರನ್ನು ಎಂದೂ ಕಾಣದ ಕಾರವಾರ, ಮಡಿಕೇರಿ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಬೇಕು. ಒಂದು ಗುಂಪಿಗೆ ‘ಇಬ್ಬರಲ್ಲಿ ಸಮರ್ಥರು ಯಾರು’ ಎಂದು ಕೇಳಬೇಕು, ಇನ್ನೊಂದಕ್ಕೆ ‘ರಾತ್ರಿ ಫೋನ್ ಎತ್ತುವವರು ಯಾರು’ ಎಂದು. ಯಾವ ಗುಂಪಿನ ಉತ್ತರ ಬಳ್ಳಾರಿ ನಗರದ ಫಲಿತಾಂಶಕ್ಕೆ ಹತ್ತಿರ, ಯಾವುದು ಸಿರುಗುಪ್ಪದ ಫಲಿತಾಂಶಕ್ಕೆ ಹತ್ತಿರ ಎಂದು ಆಮೇಲೆ ನೋಡಬೇಕು. ಸಿರುಗುಪ್ಪದ ಬಗ್ಗೆ ನನ್ನ ಊಹೆ, ಎರಡೂ ಗುಂಪು ಅರ್ಧಕ್ಕರ್ಧ ತಪ್ಪುತ್ತವೆ ಎಂದು.